ಹಳೇ ಸೈಫೈ (ವೈಜ್ಞಾನಿಕ ಕಲ್ಪನೆಯ) ಟೀವಿ ಮತ್ತು ಅಣುಬಾಂಬ್ ಭಯ: ನಿಮ್ಮ ನಿದ್ದೆ ಕೆಡಿಸಿದ ಎಪಿಸೋಡ್ ಯಾವುದು?

ಹಳೇಟೀವಿ:

ನನ್ನದು ಮೊದಲೇ ಹೇಳಿಬಿಡುತ್ತೇನೆ. 'ದ ಟ್ವೈಲೈಟ್ ಝೋನ್' ಸರಣಿಯ 'ದ ಶೆಲ್ಟರ್'. ಬರೆದದ್ದು ರಾಡ್ ಸರ್ಲಿಂಗ್. 1961ರ ಸೆಪ್ಟೆಂಬರ್ 29ರಂದು ಅಮೆರಿಕದ ಸಿಬಿಎಸ್ ಚಾನೆಲ್‌ನಲ್ಲಿ ಬಂತು. ಅರ್ಧ ಗಂಟೆಯ ಕಥೆ. ಅದರಲ್ಲಿ ಒಂದೇ ಒಂದು ಬಾಂಬೂ ಬೀಳುವುದಿಲ್ಲ.

ಡಾಕ್ಟರ್ ಸ್ಟಾಕ್ಟನ್ ಅನ್ನುವವರ ಹುಟ್ಟುಹಬ್ಬ. ಬೀದಿಯ ಸ್ನೇಹಿತರೆಲ್ಲ ಸೇರಿದ್ದಾರೆ. ಡಾಕ್ಟರು ಮನೆಯ ನೆಲಮಾಳಿಗೆಯಲ್ಲಿ ಬಾಂಬ್ ಶೆಲ್ಟರ್, ಅಂದರೆ ಬಾಂಬ್ ಬಿದ್ದಾಗ ಅಡಗಿ ಕೂರುವ ಭದ್ರ ಕೋಣೆ, ಕಟ್ಟಿಕೊಂಡಿದ್ದಾರೆ. ಹೊತ್ತಲ್ಲದ ಹೊತ್ತಲ್ಲಿ ಸುತ್ತಿಗೆ ಸದ್ದು ಮಾಡುತ್ತಾರೆ ಅಂತ ಎಲ್ಲರೂ ಅವರ ಕಾಲೆಳೆಯುತ್ತಾರೆ. ಅಷ್ಟರಲ್ಲಿ ಮಗ ಓಡಿ ಬರುತ್ತಾನೆ. ಟೀವಿ ನಿಂತುಹೋಯಿತು, ರೇಡಿಯೋ ಹಾಕಬೇಕಂತೆ. ಗುರುತು ಸಿಗದ ವಸ್ತುಗಳು ಆಕಾಶದಲ್ಲಿ ಬರುತ್ತಿವೆ ಅಂತ ರೇಡಿಯೋ ಹೇಳುತ್ತದೆ. ಎಲ್ಲರೂ ತಮ್ಮ ತಮ್ಮ ಮನೆಗೆ ಓಟ.

ಆಮೇಲೆ ಒಬ್ಬೊಬ್ಬರಾಗಿ ವಾಪಸ್ ಬರುತ್ತಾರೆ. ಬೇರೆ ಯಾರ ಮನೆಯಲ್ಲೂ ಶೆಲ್ಟರ್ ಇಲ್ಲ. ಡಾಕ್ಟರದ್ದರಲ್ಲಿ ಗಾಳಿ, ನೀರು, ತಿನ್ನೋದು ಎಲ್ಲ ಮೂರು ಜನಕ್ಕೆ ಅಳೆದಿಟ್ಟದ್ದು. ಗಂಡ, ಹೆಂಡತಿ, ಮಗ. ಬಾಗಿಲು ಭದ್ರ ಮಾಡಿಕೊಂಡು ಒಳಗೆ ಕೂರುತ್ತಾರೆ. ಹೊರಗೆ ಜಗಳ ಶುರು. ನನ್ನ ಮಕ್ಕಳು ಮೊದಲೋ, ನಿನ್ನ ಮಕ್ಕಳು ಮೊದಲೋ? ವೈಸ್ ಅನ್ನುವ ನೆರೆಯವನಿಗೆ, ನೀನು ಹೊರಗಿನಿಂದ ಬಂದವನು ಅಂತ ಇನ್ನೊಬ್ಬ ಬೈದು, ಮುಖಕ್ಕೆ ಗುದ್ದುತ್ತಾನೆ.

ನನ್ನ ತಲೆಯಿಂದ ಹೋಗದಿರುವುದು ಪೈಪಿನ ವಿಷಯ. ಬಾಗಿಲು ಒಡೆಯಲು ದೊಡ್ಡ ಪೈಪ್ ಬೇಕು. ಅದು ಪಕ್ಕದ ಬೀದಿಯವನ ಹತ್ತಿರ ಇದೆ. ತಕ್ಷಣ ತಕರಾರು ಏಳುತ್ತದೆ. ಅಲ್ಲಿ ಹೋಗಿ ಕೇಳಿದರೆ ಆ ಬೀದಿಯವರಿಗೂ ಗೊತ್ತಾಗುತ್ತದೆ, ಅವರೂ ನುಗ್ಗುತ್ತಾರೆ ಅಂತ! ಇನ್ನೂ ಬಾಗಿಲೇ ಒಡೆದಿಲ್ಲ, ಆಗಲೇ ಶೆಲ್ಟರ್ ನಮ್ಮ ಬೀದಿಯ ಸ್ವತ್ತು. ಬಾಗಿಲು ಮುರಿದು ಬೀಳುವ ಹೊತ್ತಿಗೆ ಸರಿಯಾಗಿ ರೇಡಿಯೋ ಹೇಳುತ್ತದೆ, ಅವು ಸುಮ್ನೆ ಉಪಗ್ರಹಗಳು, ಗಾಬರಿ ಬೇಡ ಅಂತ.

ನನ್ನ ವಾದ ಏನಂದರೆ, ಆ ಕಾಲದ ಒಳ್ಳೆಯ ಸೈಫೈ ಟೀವಿ ಬಾಂಬಿಗೆ ಹೆದರಿದ್ದು ಕಮ್ಮಿ. ಬಾಂಬ್ ಬರುತ್ತದೆ ಅಂತ ಮಾಡಿಕೊಂಡ ತಯಾರಿಗೆ ಹೆದರಿದ್ದೇ ಜಾಸ್ತಿ. ನೀವೇನಂತೀರಿ?

ಚುರುಮುರಿ:

ಕನ್ನಡಕ ಒಡೆಯುವ ಎಪಿಸೋಡ್ ಬಿಟ್ಟು ಬೇರೆ ಉತ್ತರ ಇದೆಯಾ ಗುರುಗಳೇ? 'ಟೈಮ್ ಎನಫ್ ಅಟ್ ಲಾಸ್ಟ್', 1959ರ ನವೆಂಬರ್. ಬ್ಯಾಂಕ್ ಗುಮಾಸ್ತ ಬೆಮಿಸ್‌ಗೆ ಓದುವ ಹುಚ್ಚು. ಮನೆಯಲ್ಲಿ ಹೆಂಡತಿ ಬಿಡುವುದಿಲ್ಲ, ಬ್ಯಾಂಕಿನಲ್ಲಿ ಮೇಲಿನವರು ಬಿಡುವುದಿಲ್ಲ. ಊಟದ ಬಿಡುವಿನಲ್ಲಿ ತಿಜೋರಿ ಕೋಣೆಗೆ ನುಗ್ಗಿ ಓದುತ್ತಾ ಕೂತಾಗ ಹೊರಗೆ ಹೈಡ್ರೋಜನ್ ಬಾಂಬ್. ಜನರೆಲ್ಲ ಹೋದರು, ಲೈಬ್ರರಿ ಉಳಿಯಿತು. ಯಾವ ತಿಂಗಳು ಯಾವ ಪುಸ್ತಕ ಅಂತ ಮೆಟ್ಟಿಲ ಮೇಲೆ ಜೋಡಿಸಿ ಇಡುತ್ತಾನೆ, ಪಾಪ. ಬಗ್ಗಿದ ಕೂಡಲೇ ಕನ್ನಡಕ ಜಾರಿ ಚೂರು ಚೂರು.

ನನ್ನದು ಮೈನಸ್ ಆರು ಪವರ್. ಅದನ್ನು ನೋಡಿದ ಮೇಲೆ ಬ್ಯಾಗಿನಲ್ಲಿ ಇನ್ನೊಂದು ಜೊತೆ ಇಟ್ಟುಕೊಂಡೇ ಓಡಾಡುವುದು.

ನಿವೃತ್ತಮೇಷ್ಟ್ರು:

ಚುರುಮುರಿಯವರೇ, ಕನ್ನಡಕ ಒಡೆಯದಿದ್ದರೂ ಬೆಮಿಸ್ ಎರಡನೇ ತಿಂಗಳ ಪುಸ್ತಕಕ್ಕೆ ಬರುತ್ತಿದ್ದದ್ದು ಅನುಮಾನ. ಬಾಂಬ್ ಬಿದ್ದ ಊರಲ್ಲಿ ಆರಾಮವಾಗಿ ಅಡ್ಡಾಡುತ್ತಾನೆ. ವಿಕಿರಣ ಅವನ ತಂಟೆಗೇ ಬರುವುದಿಲ್ಲ. ಅಷ್ಟರಲ್ಲಾಗಲೇ, 1954ರಲ್ಲಿ ಬಿಕಿನಿ ಹವಳದ್ವೀಪದಲ್ಲಿ ಸಿಡಿಸಿದ ಬಾಂಬಿನ ಬೂದಿ ಜಪಾನಿನ ಮೀನುಗಾರರ ದೋಣಿ ಮೇಲೆ ಬಿದ್ದು ಜಗತ್ತಿಗೆಲ್ಲ ಸುದ್ದಿಯಾಗಿತ್ತು. ಭೌತಶಾಸ್ತ್ರ ಪಾಠ ಮಾಡಿದವನಿಗೆ ಇಂಥದ್ದು ಕಣ್ಣಿಗೆ ಚುಚ್ಚುತ್ತದೆ, ಏನು ಮಾಡೋಣ.

'ದ ಶೆಲ್ಟರ್'ನ ರೇಡಿಯೋ ಮಾತ್ರ ಕಲ್ಪನೆಯಲ್ಲ. ಆ ಎಚ್ಚರಿಕೆ ವ್ಯವಸ್ಥೆಗೆ ಕಾನಲ್ರಾಡ್ ಅಂತ ಹೆಸರು, 1951ರಲ್ಲಿ ಶುರುವಾದದ್ದು. ಶತ್ರು ವಿಮಾನಗಳು ರೇಡಿಯೋ ಸ್ಟೇಷನ್ನಿನ ಸಿಗ್ನಲ್ ಹಿಡಿದು ಊರಿಗೆ ದಾರಿ ಕಂಡುಕೊಳ್ಳಬಾರದಲ್ವಾ? ಹಾಗಾಗಿ ಎಚ್ಚರಿಕೆ ಬಂದ ಕೂಡಲೇ ಮಾಮೂಲಿ ಪ್ರಸಾರ ನಿಲ್ಲಿಸಬೇಕು. ಸುದ್ದಿ 640 ಮತ್ತು 1240 ಕಿಲೋಹರ್ಟ್ಸ್‌ನಲ್ಲಿ ಮಾತ್ರ. ಆ ಕಾಲದ ಅಮೆರಿಕನ್ ರೇಡಿಯೋ ಸೆಟ್ ಎಲ್ಲಾದರೂ ಸಿಕ್ಕರೆ ಡಯಲ್ ನೋಡಿ. ಆ ಎರಡು ಜಾಗದಲ್ಲಿ ಪುಟ್ಟ ತ್ರಿಕೋನದ ಗುರುತು ಇರುತ್ತದೆ. ವಿಮಾನದ ಬದಲು ಕ್ಷಿಪಣಿಯ ಕಾಲ ಬಂದಮೇಲೆ ಇದಕ್ಕೆ ಅರ್ಥ ಉಳಿಯಲಿಲ್ಲ, 1963ರಲ್ಲಿ ತೆಗೆದರು. ಅಂದರೆ ಅವತ್ತು ಆ ಎಪಿಸೋಡ್ ನೋಡುತ್ತಿದ್ದವರ ಅಡುಗೆಮನೆಯ ರೇಡಿಯೋದಲ್ಲೂ ಆ ತ್ರಿಕೋನ ಇತ್ತು. ಭಯವನ್ನು ಹೊರಗಿನಿಂದ ತರುವ ಅಗತ್ಯವೇ ಇರಲಿಲ್ಲ.

ಕಿಟಕಿಸೀಟು:

ಎಪಿಸೋಡ್ ಚೆನ್ನಾಗಿದೆ ಹಳೇಟೀವಿ ಅವರೇ. ಆದರೆ ಸರ್ಲಿಂಗ್ ಮನುಷ್ಯರ ಮೇಲೆ ಇಲ್ಲದ ಆಪಾದನೆ ಹೊರಿಸಿದ್ದಾರೆ. ನಾನು ಓದಿದ್ದು ಸಮಾಜಶಾಸ್ತ್ರ, ಹಾಗಾಗಿ ಮೂಗು ತೂರಿಸುತ್ತಿದ್ದೇನೆ. 1963ರಲ್ಲಿ ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಡಿಸಾಸ್ಟರ್ ರಿಸರ್ಚ್ ಸೆಂಟರ್ ಶುರುವಾಯಿತು. ಭೂಕಂಪ, ನೆರೆ, ಸುಂಟರಗಾಳಿ ಆದ ಊರುಗಳಿಗೆ ಹೋಗಿ ಜನ ಏನು ಮಾಡಿದರು ಅಂತ ನೋಡುವುದೇ ಅವರ ಕೆಲಸ. ಅವರಿಗೆ ಮತ್ತೆ ಮತ್ತೆ ಕಂಡದ್ದು ಇದು: ಜನ ದಿಕ್ಕೆಟ್ಟು ಒಬ್ಬರನ್ನೊಬ್ಬರು ತುಳಿಯುವುದು ತುಂಬಾ ಅಪರೂಪ. ಮೊದಲು ಕೈ ಹಿಡಿದು ಎಬ್ಬಿಸುವವರು ಪಕ್ಕದ ಮನೆಯವರೇ. ಆಂಬುಲೆನ್ಸ್ ಎಲ್ಲ ಆಮೇಲೆ.

2018ರ ಜನವರಿ 13ರಂದು ಹವಾಯಿಯಲ್ಲಿ ಎಲ್ಲರ ಫೋನಿಗೂ ಕ್ಷಿಪಣಿ ಬರುತ್ತಿದೆ ಅಂತ ಮೆಸೇಜ್ ಹೋಯಿತಲ್ಲ. ಅದು ಸುಳ್ಳು ಎಚ್ಚರಿಕೆ ಅಂತ ಇನ್ನೊಂದು ಮೆಸೇಜ್ ಬರಲು 38 ನಿಮಿಷ ಹಿಡಿಯಿತು. ನನ್ನ ದೊಡ್ಡಪ್ಪನ ಮಗಳು ಆಗ ಹೊನೊಲುಲುವಿನಲ್ಲಿದ್ದಳು. ಬಾತ್‌ಟಬ್‌ಗೆ ನೀರು ಬಿಟ್ಟು, ಎದುರು ಫ್ಲ್ಯಾಟಿನ ಅಜ್ಜಿಯನ್ನು ತನ್ನ ಮನೆಗೆ ಕರೆದುಕೊಂಡು ಬಂದಳು. ಯಾಕೆ ಅಂದರೆ ಅಜ್ಜಿ ಮನೆಯ ಬಚ್ಚಲಿಗೆ ದೊಡ್ಡ ಕಿಟಕಿ ಇತ್ತು. ಅವರ ಬಿಲ್ಡಿಂಗಿನಲ್ಲಿ ಯಾರೂ ಯಾರ ಬಾಗಿಲೂ ಮುರಿಯಲಿಲ್ಲ.

ಸರ್ಲಿಂಗ್‌ರ 'ದ ಮಾನ್‌ಸ್ಟರ್ಸ್ ಆರ್ ಡ್ಯೂ ಆನ್ ಮೇಪಲ್ ಸ್ಟ್ರೀಟ್' (1960) ಕೂಡ ಇದೇ ಧಾಟಿ. ಬೀದಿಯಲ್ಲಿ ಕರೆಂಟ್ ಹೋಗುತ್ತದೆ, ರಾತ್ರಿಯೊಳಗೆ ಒಬ್ಬನಿಗೆ ಗುಂಡು. ನಮ್ಮ ಏರಿಯಾದಲ್ಲಿ ದಿನಾ ಕರೆಂಟ್ ಹೋಗುತ್ತದೆ ಸ್ವಾಮಿ, ಎಲ್ಲರೂ ಹೊರಗೆ ಬಂದು ಹರಟೆ ಹೊಡೆಯುತ್ತೇವೆ.

ಹಳೇಟೀವಿ:

ಕರೆಂಟ್ ಮಾತಿಗೆ ಜೋರಾಗಿ ನಕ್ಕೆ. ಆದರೆ ಭೂಕಂಪಕ್ಕೂ ಶೆಲ್ಟರಿಗೂ ವ್ಯತ್ಯಾಸ ಇದೆ ಮೇಡಂ. ಭೂಕಂಪದಲ್ಲಿ ಯಾರನ್ನೋ ಎಬ್ಬಿಸಿದರೆ ನಿಮ್ಮ ಪಾಲೇನೂ ಕಮ್ಮಿಯಾಗುವುದಿಲ್ಲ. ಮೂರು ಜನರ ಗಾಳಿಗೆ ನಾಲ್ಕನೆಯವನು ಬಂದರೆ ಕಮ್ಮಿಯಾಗುತ್ತದೆ. ಆ ಲೆಕ್ಕ ಮಾಡಿಟ್ಟದ್ದು ಮನುಷ್ಯ ಸ್ವಭಾವ ಅಲ್ಲ. ಅದು ಮೇಲಿನಿಂದ, ಸರ್ಕಾರದಿಂದ ಬಂದದ್ದು.

ಆ ವರ್ಷದ ತಾರೀಕುಗಳನ್ನು ನೋಡಿ. 1961ರ ಜುಲೈ 25ರಂದು ಅಧ್ಯಕ್ಷ ಕೆನಡಿ ಬರ್ಲಿನ್ ಬಿಕ್ಕಟ್ಟಿನ ಬಗ್ಗೆ, ಅಂದರೆ ಬರ್ಲಿನ್ ನಗರಕ್ಕಾಗಿ ಸೋವಿಯತ್ ಒಕ್ಕೂಟದ ಜೊತೆ ಎದ್ದ ಜಗಳದ ಬಗ್ಗೆ, ಟೀವಿಯಲ್ಲಿ ಮಾತಾಡಿದರು. ಸಾರ್ವಜನಿಕ ಕಟ್ಟಡಗಳಲ್ಲಿ ಶೆಲ್ಟರ್ ಜಾಗ ಗುರುತಿಸುವುದಕ್ಕೂ ಸೇರಿಸಿ 20.7 ಕೋಟಿ ಡಾಲರ್ ಕೇಳಿದರು. ಜೊತೆಗೆ, ದಾಳಿ ಆದರೆ ಪ್ರತಿಯೊಬ್ಬರೂ ತಮ್ಮ ಕುಟುಂಬ ಉಳಿಸಿಕೊಳ್ಳಲು ಏನು ಮಾಡಬೇಕು ಅಂತ ತಿಳಿಸುತ್ತೇವೆ ಅಂದರು. ಜನರ ಕಿವಿಗೆ ಬಿದ್ದದ್ದು ಈ ಎರಡನೇ ಮಾತು. ಆಗಸ್ಟ್ 13ಕ್ಕೆ ಬರ್ಲಿನ್ ಗೋಡೆ ಎದ್ದಿತು. ಸೆಪ್ಟೆಂಬರ್ ಒಂದಕ್ಕೆ ಸೋವಿಯತ್ ಒಕ್ಕೂಟ ಮತ್ತೆ ಬಾಂಬ್ ಪರೀಕ್ಷೆ ಶುರು ಮಾಡಿತು. ಅದೇ ತಿಂಗಳು 'ಲೈಫ್' ಪತ್ರಿಕೆ ಮನೆಯಲ್ಲೇ ಶೆಲ್ಟರ್ ಕಟ್ಟುವುದು ಹೇಗೆ ಅಂತ ಚಿತ್ರ ಸಮೇತ ಹಾಕಿತು. ಶೆಲ್ಟರಿಗೆ ನುಗ್ಗುವ ನೆರೆಯವನಿಗೆ ಗುಂಡು ಹೊಡೆದರೆ ಪಾಪ ಬರುತ್ತದೋ ಇಲ್ಲವೋ ಅಂತ ಪತ್ರಿಕೆಗಳಲ್ಲಿ ಗಂಭೀರವಾಗಿ ಚರ್ಚೆ ನಡೆಯಿತು! ಕುಟುಂಬ ಕಾಪಾಡಿಕೊಳ್ಳಲು ಬಲ ಪ್ರಯೋಗಿಸುವುದು ತಪ್ಪಲ್ಲ ಅಂತ ಒಬ್ಬ ಜೆಸ್ವಿಟ್ (ಕ್ಯಾಥೊಲಿಕ್ ಪಂಗಡದ) ಪಾದ್ರಿಯೇ ಬರೆದರು.

ಸ್ವಂತ ಮನೆ, ನೆಲಮಾಳಿಗೆ, ಕೈಯಲ್ಲಿ ದುಡ್ಡು, ಇಷ್ಟು ಇದ್ದವನಿಗೆ ಶೆಲ್ಟರ್. ಬಾಡಿಗೆಯವನು ಎಲ್ಲಿಗೆ ಹೋಗಬೇಕು? ಸರ್ಲಿಂಗ್ ತೋರಿಸಿದ್ದು ಆ ಬೀದಿಯನ್ನು. ಸುಮ್ನೆ ಇದ್ದ ಬೀದಿಯನ್ನಲ್ಲ.

ಕಿಟಕಿಸೀಟು:

ಸರಿ, ಗಾಳಿಯ ಲೆಕ್ಕ ಒಪ್ಪಿದೆ. ಆದರೆ ಕೊನೆಗೆ ಸರ್ಲಿಂಗ್ ಮಾತಾಡುತ್ತಾರಲ್ಲ, ಆಗ ಸರ್ಕಾರದ ಹೆಸರೇ ಇಲ್ಲ. ನಾಗರಿಕತೆ ಉಳಿಯಬೇಕಾದರೆ ಮನುಷ್ಯ ನಾಗರಿಕನಾಗಿ ಇರಬೇಕು ಅನ್ನುವ ಅರ್ಥದ ಮಾತು ಹೇಳಿ ಹೋಗುತ್ತಾರೆ. ಬೈಗುಳ ಪೂರ್ತಿ ಬೀದಿಯವರಿಗೇ ಬಿತ್ತು.

ನಿವೃತ್ತಮೇಷ್ಟ್ರು:

ಅದಕ್ಕೂ ಕಾರಣ ಇದೆ. ಆಗ ಟೀವಿ ನಡೆಯುತ್ತಿದ್ದದ್ದು ಪ್ರಾಯೋಜಕರ ದುಡ್ಡಿನಲ್ಲಿ. ಎಮೆಟ್ ಟಿಲ್ ಎಂಬ ಕರಿಯ ಹುಡುಗನನ್ನು 1955ರಲ್ಲಿ ಕೊಂದ ಪ್ರಕರಣ ಇಟ್ಟುಕೊಂಡು ಸರ್ಲಿಂಗ್ ಮಾರನೇ ವರ್ಷ ಒಂದು ಟೀವಿ ನಾಟಕ ಬರೆದಿದ್ದರು. ಪ್ರಾಯೋಜಕರು ಅದನ್ನು ಕೆತ್ತಿ ಕೆತ್ತಿ, ಕಥೆ ನಡೆಯುವ ಜಾಗವನ್ನೇ ಅಮೆರಿಕದ ದಕ್ಷಿಣದಿಂದ ಎತ್ತಿ ಈಶಾನ್ಯದ ನ್ಯೂ ಇಂಗ್ಲೆಂಡಿಗೆ ಹಾಕಿದರು. ದಕ್ಷಿಣದ ನೆನಪು ಬರುತ್ತದೆ ಅಂತ ಸೆಟ್ಟಿನಿಂದ ಕೋಕಾಕೋಲಾ ಬಾಟಲಿ ಕೂಡ ತೆಗೆಸಿದರು. ಮನುಷ್ಯರ ಬಾಯಲ್ಲಿ ಹೇಳಿಸಲು ಬಿಡದ ಮಾತನ್ನು ಮಂಗಳ ಗ್ರಹದವರ ಬಾಯಲ್ಲಿ ಹೇಳಿಸಬಹುದು ಅಂತ ಅವರಿಗೆ ಹೊಳೆದದ್ದು ಆಗ. 1959ರಿಂದ 1964ರವರೆಗೆ 156 ಎಪಿಸೋಡ್. ಅರ್ಧಕ್ಕಿಂತ ಜಾಸ್ತಿ ಅವರೇ ಬರೆದದ್ದು. ಯುದ್ಧ ಅವರಿಗೆ ಪುಸ್ತಕದ ವಿಷಯವೂ ಆಗಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಪ್ಯಾರಾಟ್ರೂಪರ್ ಆಗಿ ಫಿಲಿಪ್ಪೀನ್ಸ್‌ನಲ್ಲಿ ಹೋರಾಡಿ ಬಂದವರು.

ಭಾನುವಾರದಸ್ಪಾಕ್:

ತಯಾರಿಗೆ ಹೆದರುವುದು ಅಂದರಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಕೊಡುತ್ತೇನೆ. ಆಕಾಶನೌಕೆಯ ಸರಣಿ 'ಸ್ಟಾರ್ ಟ್ರೆಕ್'ನ 'ಎ ಟೇಸ್ಟ್ ಆಫ್ ಆರ್ಮಗೆಡನ್', 1967ರ ಫೆಬ್ರವರಿ. ನಾನು ಸ್ಟಾರ್ ಟ್ರೆಕ್ ಮೊದಲು ನೋಡಿದ್ದು ದೂರದರ್ಶನದಲ್ಲಿ, ಎಂಬತ್ತರ ದಶಕದಲ್ಲಿ, ಭಾನುವಾರ. ಇಂಗ್ಲಿಷ್ ಅರ್ಧ ಅರ್ಥವಾಗುತ್ತಿರಲಿಲ್ಲ. ಸ್ಪಾಕ್ ಅನ್ನುವ ಅನ್ಯಗ್ರಹದವನ ಚೂಪು ಕಿವಿ ನೋಡಲು ಕೂರುತ್ತಿದ್ದೆವು. ಈ ಎಪಿಸೋಡಿನ ತೂಕ ಗೊತ್ತಾದದ್ದು ದೊಡ್ಡವನಾದ ಮೇಲೆ ಮತ್ತೆ ನೋಡಿದಾಗ.

ಎಮಿನಿಯಾರ್, ವೆಂಡಿಕಾರ್ ಅಂತ ಎರಡು ಗ್ರಹ. ಐನೂರು ವರ್ಷದಿಂದ ಯುದ್ಧ. ಆದರೆ ಒಂದು ಗಾಜೂ ಒಡೆದಿಲ್ಲ, ಊರೆಲ್ಲ ಫಳಫಳ. ಯಾಕೆ ಅಂದರೆ ಯುದ್ಧ ನಡೆಯುವುದು ಕಂಪ್ಯೂಟರಿನಲ್ಲಿ. ಇಂಥ ಬಡಾವಣೆಗೆ ಬಾಂಬ್ ಬಿತ್ತು, ಇಷ್ಟು ಜನ ಸತ್ತರು ಅಂತ ಯಂತ್ರ ಲೆಕ್ಕ ಹಾಕುತ್ತದೆ. ಆ ಲೆಕ್ಕದಲ್ಲಿ ಹೆಸರು ಬಂದವರು 24 ಗಂಟೆಯೊಳಗೆ ತಾವೇ ನಡೆದುಕೊಂಡು ಹೋಗಿ ಒಂದು ಪೆಟ್ಟಿಗೆಯಂಥ ಕೋಣೆಗೆ ಹೊಕ್ಕು ಭಸ್ಮವಾಗಬೇಕು. ಯಾರೂ ಓಡಿಹೋಗುವುದಿಲ್ಲ! ಮಿಯಾ ಅನ್ನುವ ಹುಡುಗಿ ತನ್ನ ಹೆಸರು ಬಂದಿದೆ ಅಂತ ಹೇಳುವ ರೀತಿ ನೋಡಿ. ರೇಷನ್ ಕಾರ್ಡ್ ಕೆಲಸಕ್ಕೆ ಕಚೇರಿಗೆ ಹೋಗಿ ಬರುತ್ತೇನೆ ಅಂದ ಹಾಗಿದೆ.

ನೌಕೆಯ ಕ್ಯಾಪ್ಟನ್ ಕರ್ಕ್ ಆ ಕಂಪ್ಯೂಟರನ್ನೇ ಒಡೆದುಹಾಕುತ್ತಾನೆ. ಈಗ ನಿಜವಾದ ಬಾಂಬ್ ಬರುತ್ತದೆ, ಬೇಡ ಅಂದರೆ ಸಂಧಾನ ಮಾಡಿಕೊಳ್ಳಿ ಅಂತ. ಯುದ್ಧ ಅಚ್ಚುಕಟ್ಟಾಗಿ ನಡೆದರೆ ಅದನ್ನು ನಿಲ್ಲಿಸುವ ತುರ್ತು ಯಾರಿಗೂ ಇರುವುದಿಲ್ಲ. ವಿಯೆಟ್ನಾಂನಲ್ಲಿ ಇವತ್ತು ಎಷ್ಟು ಹೆಣ ಅಂತ ದಿನಾ ಲೆಕ್ಕ ಕೊಡುತ್ತಿದ್ದ ಕಾಲದಲ್ಲಿ ಬಂದ ಕಥೆ ಇದು.

ಕಿಟಕಿಸೀಟು:

ಇದು ಸರಿ. ಇಲ್ಲಿ ಜನ ಕೆಟ್ಟವರಲ್ಲ, ವ್ಯವಸ್ಥೆ ಕೆಟ್ಟದ್ದು. ನನಗೆ ಬೇಕಾಗಿದ್ದದ್ದು ಈ ಥರದ್ದು.

ಶೆಫೀಲ್ಡ್‌ಸೊಸೆ:

ಎಲ್ಲರೂ ಅಮೆರಿಕದಲ್ಲೇ ಸುತ್ತುತ್ತಿದ್ದೀರಿ. ಇಂಗ್ಲೆಂಡಿಗೆ ಬನ್ನಿ.

ಬಿಬಿಸಿಯ ಸೈಫೈ ಸರಣಿ 'ಡಾಕ್ಟರ್ ಹೂ'ನ ಎರಡನೇ ಕಥೆ, 1963ರ ಡಿಸೆಂಬರ್‌ನಲ್ಲಿ ಶುರುವಾದದ್ದು. ಬರೆದದ್ದು ಟೆರಿ ನೇಷನ್. ಹಿಂದಿನ ಕಥೆಯ ಕೊನೆಯ ಶಾಟ್ ನನಗೆ ತುಂಬಾ ಇಷ್ಟ. ಡಾಕ್ಟರ್ ಮತ್ತು ಜೊತೆಯವರು ಹೊಸ ಗ್ರಹದಲ್ಲಿ ಇಳಿಯುತ್ತಾರೆ, ವಿಕಿರಣದ ಮೀಟರ್ ನೋಡುತ್ತಾರೆ, ಏನೂ ಇಲ್ಲ ಅಂತ ಹೊರಡುತ್ತಾರೆ. ಅವರು ಬೆನ್ನು ತಿರುಗಿಸಿದ ಮೇಲೆ ಮುಳ್ಳು ಸರ್ರನೆ ಅಪಾಯದ ಕಡೆಗೆ ಏರುತ್ತದೆ. ನೋಡುವುದು ನಾವು ಮಾತ್ರ. ಹೊರಗೆ ಕಲ್ಲಾಗಿ ನಿಂತ ಕಾಡು. ಅಲ್ಲಿ ಹಿಂದೆ ನ್ಯೂಟ್ರಾನ್ ಬಾಂಬ್ ಸಿಡಿದಿತ್ತು. ಡಾಲೆಕ್‌ಗಳು ಅಂದರೆ ಆ ಯುದ್ಧದಲ್ಲಿ ಬದುಕುಳಿದು, ಕಬ್ಬಿಣದ ಡಬ್ಬಿಯೊಳಗೆ ಸೇರಿಕೊಂಡವರ ಸಂತತಿ. ಇಲ್ಲಿ ಒಂದು ತಿರುವು ಇದೆ. ವಿಕಿರಣ ತಡೆಯುವ ಔಷಧಿ ಸಿಕ್ಕಿತು ಅಂತ ಡಾಲೆಕ್‌ಗಳು ಖುಷಿಯಿಂದ ತೆಗೆದುಕೊಂಡರೆ ಕಾಯಿಲೆ ಬೀಳುತ್ತಾರೆ. ಯಾಕೆ ಅಂದರೆ ಅವರ ಮೈಗೆ ಈಗ ವಿಕಿರಣವೇ ಬೇಕು! ಹಾಗಾಗಿ ಇನ್ನಷ್ಟು ವಿಕಿರಣ ಹರಡಲು ಹೊರಡುತ್ತಾರೆ. ಹಳೇಟೀವಿ ಅವರ ವಾದಕ್ಕೆ ಇದು ಚೆನ್ನಾಗಿ ಕೂರುತ್ತದೆ. ತಯಾರಿ ಎಷ್ಟು ಪೂರ್ತಿಯಾಗಿದೆ ಅಂದರೆ ಬಾಂಬ್ ಇಲ್ಲದೆ ಬದುಕಲು ಆಗುವುದಿಲ್ಲ. ಇದು ಮಕ್ಕಳೂ ಕೂತು ನೋಡುತ್ತಿದ್ದ ಶನಿವಾರ ಸಂಜೆಯ ಕಾರ್ಯಕ್ರಮ ಅನ್ನುವುದು ನೆನಪಿರಲಿ.

ಇನ್ನು 'ಥ್ರೆಡ್ಸ್', ಅಣುಯುದ್ಧದ ಟೀವಿ ಚಿತ್ರ. 1984ರ ಸೆಪ್ಟೆಂಬರ್ 23, ಬಿಬಿಸಿ ಟೂ. ಬ್ಯಾರಿ ಹೈನ್ಸ್ ಬರೆದು ಮಿಕ್ ಜ್ಯಾಕ್ಸನ್ ನಿರ್ದೇಶಿಸಿದ್ದು. ಕಥೆ ನಡೆಯುವುದು ನಾನು ಇರುವ ಊರಾದ ಶೆಫೀಲ್ಡಿನಲ್ಲೇ. ಮದುವೆಯಾಗಿ ಬಂದ ಮೇಲೆ ಅತ್ತೆ ಊರಲ್ಲಿ ಇಂಥ ಪಿಕ್ಚರ್ ತೆಗೆದಿದ್ದಾರೆ ಅಂತ ಗೊತ್ತಾಗಿ ನೋಡಿದೆ. ನೋಡಬಾರದಿತ್ತು. ದ ಮೂರ್ ಅಂತ ಪೇಟೆ ಬೀದಿ ಇದೆ. ಅಣಬೆ ಮೋಡ ಏಳುವಾಗ ಒಬ್ಬ ಹೆಂಗಸು ಭಯಕ್ಕೆ ನಿಂತಲ್ಲೇ ಉಚ್ಚೆ ಮಾಡಿಕೊಳ್ಳುತ್ತಾಳೆ. ಅಷ್ಟೇ ಶಾಟ್. ಸ್ಟಾರ್ ನಟರಿಲ್ಲ, ಹಿನ್ನೆಲೆ ಸಂಗೀತ ಇಲ್ಲವೆನ್ನುವಷ್ಟು ಕಮ್ಮಿ.

ಅದರಲ್ಲಿ ಬಾಗಿಲೂ ಇದೆ. 1980ರಲ್ಲಿ ಬ್ರಿಟಿಷ್ ಸರ್ಕಾರ 'ಪ್ರೊಟೆಕ್ಟ್ ಅಂಡ್ ಸರ್ವೈವ್' ಅಂತ ಪುಸ್ತಿಕೆ ತಂದಿತ್ತು. ಮನೆಯ ಬಾಗಿಲುಗಳನ್ನು ಕೀಲಿನಿಂದ ಕಳಚಿ, ಒಳಗೋಡೆಗೆ ಓರೆಯಾಗಿ ಒರಗಿಸಿ, ಮೇಲೆ ಮಣ್ಣು ತುಂಬಿದ ಚೀಲ ಹೇರಿ, ಅಡಿಯಲ್ಲಿ ಕೂರಿ ಅಂತ. ಥ್ರೆಡ್ಸ್‌ನಲ್ಲಿ ಒಂದು ಮನೆಯವರು ಹಾಗೇ ಬಾಗಿಲು ಒರಗಿಸಿ, ಹಾಸಿಗೆ ಹಾಕಿಕೊಂಡು ಕೂರುತ್ತಾರೆ. ಏನು ಪ್ರಯೋಜನ? ನಗರಸಭೆಯ ತುರ್ತು ಸಮಿತಿ ಟೌನ್ ಹಾಲ್ ನೆಲಮಾಳಿಗೆಯಲ್ಲಿ ಕೂತು ಫೋನ್ ಮಾಡುತ್ತಲೇ ಇರುತ್ತದೆ. ಮೇಲಿನ ಕಟ್ಟಡ ಕುಸಿದು ದಾರಿ ಮುಚ್ಚಿ, ಅವರೂ ಅಲ್ಲೇ ಸಾಯುತ್ತಾರೆ. ಒಳಗಿದ್ದವರು, ಹೊರಗಿದ್ದವರು ಅಂತ ಭೇದವೇ ಇಲ್ಲ. ಸರ್ಲಿಂಗ್‌ರ ಕಥೆಯಲ್ಲಿ ಶೆಲ್ಟರ್ ಒಳಗೆ ಹೋದವನು ಉಳಿಯುತ್ತಾನೆ ಅನ್ನುವ ನಂಬಿಕೆಯಾದರೂ ಇದೆ.

ಚುರುಮುರಿ:

ಅಕ್ಕಾ, ಥ್ರೆಡ್ಸ್ ಸೈಫೈ ಹೇಗಾಗುತ್ತದೆ? ಏಲಿಯನ್ ಇಲ್ಲ, ರಾಕೆಟ್ ಇಲ್ಲ.

ಶೆಫೀಲ್ಡ್‌ಸೊಸೆ:

ಯುದ್ಧವಾಗಿ ಹತ್ತು ವರ್ಷದ ನಂತರದವರೆಗೂ ಕಥೆ ಹೋಗುತ್ತದಪ್ಪ. ಬೆಳಕು ಕಮ್ಮಿಯಾಗಿ ಬೆಳೆ ಬರುವುದಿಲ್ಲ, ಆಮೇಲೆ ಹುಟ್ಟಿದ ಮಕ್ಕಳಿಗೆ ಸರಿಯಾಗಿ ಮಾತೇ ಬರುವುದಿಲ್ಲ. ವಿಜ್ಞಾನಿಗಳ ಲೆಕ್ಕ ಹಿಡಿದು ಬರೆದ ಭವಿಷ್ಯದ ಕಥೆ ಸೈಫೈ ಅಲ್ಲದೆ ಇನ್ನೇನು? ಬಿಬಿಸಿಗೇ ಇಂಥದ್ದು ಕಂಡರೆ ಭಯ ಇತ್ತು. ಪೀಟರ್ ವಾಟ್ಕಿನ್ಸ್ 1965ರಲ್ಲಿ 'ದ ವಾರ್ ಗೇಮ್' ಅಂತ ಅಣುದಾಳಿಯ ಕಾಲ್ಪನಿಕ ಚಿತ್ರ ಮಾಡಿಕೊಟ್ಟರೆ, ಜನ ನೋಡಲಾರದಷ್ಟು ಘೋರ ಅಂತ ಪ್ರಸಾರ ಮಾಡಲಿಲ್ಲ. ಅದಕ್ಕೆ ಆಸ್ಕರ್ ಬಂತು, ಅದೂ ಸಾಕ್ಷ್ಯಚಿತ್ರ ವಿಭಾಗದಲ್ಲಿ! ಟೀವಿಗೆ ಬಂದದ್ದು 1985ರಲ್ಲಿ.

ನಿವೃತ್ತಮೇಷ್ಟ್ರು:

ಆ ಸಾಲಿಗೆ ಅಮೆರಿಕದ ಅಣುಯುದ್ಧದ ಟೀವಿ ಚಿತ್ರ 'ದ ಡೇ ಆಫ್ಟರ್' ಸೇರಿಸಿ. 1983ರ ನವೆಂಬರ್ 20, ಎಬಿಸಿ ಚಾನೆಲ್. ಸುಮಾರು ಹತ್ತು ಕೋಟಿ ಜನ ನೋಡಿದರು. ಅಧ್ಯಕ್ಷ ರೇಗನ್ ಮುಂಚೆಯೇ ನೋಡಿ, ಮನಸ್ಸು ಕುಗ್ಗಿಹೋಯಿತು ಅಂತ ಡೈರಿಯಲ್ಲಿ ಬರೆದುಕೊಂಡಿದ್ದರು. ಕಲೆಯಾಗಿ ಥ್ರೆಡ್ಸ್ ಮುಂದೆ ಅದು ಸಪ್ಪೆ ಅಂತ ನನ್ನ ಅಭಿಪ್ರಾಯ. ಆದರೆ ತಲುಪಬೇಕಾದವರಿಗೆ ತಲುಪಿತು.

ರೇಗನ್ ಅಂದಾಗ ಇನ್ನೊಂದು. 1987ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯಲ್ಲಿ ಮಾತಾಡುತ್ತಾ, ಅನ್ಯಗ್ರಹದವರ ಭಯ ಬಂದರೆ ನಮ್ಮ ಜಗಳ ಎಷ್ಟು ಬೇಗ ಮಾಯವಾಗುತ್ತದೆ ಅಂತ ಹೇಳಿದರು. ಅಮೆರಿಕದ ಸೈಫೈ ಸರಣಿ 'ದಿ ಔಟರ್ ಲಿಮಿಟ್ಸ್' ಅದನ್ನು 1963ರಲ್ಲೇ ಮಾಡಿ ಮುಗಿಸಿತ್ತು. 'ದಿ ಆರ್ಕಿಟೆಕ್ಟ್ಸ್ ಆಫ್ ಫಿಯರ್'. ಅಣುಯುದ್ಧ ತಪ್ಪಿಸಲು ಕೆಲವು ವಿಜ್ಞಾನಿಗಳು ಚೀಟಿ ಎತ್ತಿ, ತಮ್ಮಲ್ಲೇ ಒಬ್ಬನನ್ನು ಆಪರೇಷನ್ ಮಾಡಿ ಅನ್ಯಗ್ರಹದ ಪ್ರಾಣಿಯಾಗಿ ಮಾಡುತ್ತಾರೆ. ಅವನು ವಿಶ್ವಸಂಸ್ಥೆ ಹತ್ತಿರ ಇಳಿದು ಎಲ್ಲರನ್ನೂ ಹೆದರಿಸಿ ಒಂದು ಮಾಡಬೇಕು. ನೌಕೆ ದಾರಿ ತಪ್ಪುತ್ತದೆ. ಕಾಡಿನಲ್ಲಿ ಬೇಟೆಗಾರರು ಗುಂಡು ಹೊಡೆಯುತ್ತಾರೆ. ಅವನು ತೆವಳಿಕೊಂಡು ಬಂದು ಹೆಂಡತಿಯ ಮುಂದೆ ಸಾಯುತ್ತಾನೆ. ರೇಗನ್ ಅದನ್ನು ನೋಡಿದ್ದರೆ ಆ ಮಾತು ಆಡುವ ಮುಂಚೆ ಸ್ವಲ್ಪ ಯೋಚಿಸುತ್ತಿದ್ದರೇನೋ.

ಕಿಟಕಿಸೀಟು:

ಹಳೇಟೀವಿ ಅವರೇ, ನಿಮ್ಮ ಟ್ವೈಲೈಟ್ ಝೋನ್‌ನಲ್ಲೇ ನನಗೆ ಸಾಕ್ಷಿ ಸಿಕ್ಕಿತು. 'ಟೂ'. ಯುದ್ಧ ಮುಗಿದ ಮೇಲೆ ಪಾಳುಬಿದ್ದ ಊರು. ಎರಡು ಕಡೆಯ ಒಬ್ಬೊಬ್ಬ ಸೈನಿಕರು, ಚಾರ್ಲ್ಸ್ ಬ್ರಾನ್ಸನ್ ಮತ್ತು ಎಲಿಜಬೆತ್ ಮಾಂಟ್ಗೊಮರಿ. ಮೊದಲು ಹೊಡೆದಾಟ, ಗುಂಡು ಎಲ್ಲ ಆಗುತ್ತದೆ. ಕೊನೆಗೆ ಅವಳು ಸಮವಸ್ತ್ರ ಬಿಟ್ಟು ಅಂಗಡಿಯಲ್ಲಿದ್ದ ಫ್ರಾಕ್ ಹಾಕಿಕೊಂಡು ಬರುತ್ತಾಳೆ, ಇಬ್ಬರೂ ಜೊತೆಗೆ ಹೊರಡುತ್ತಾರೆ. ಪ್ರಸಾರವಾದದ್ದು 1961ರ ಸೆಪ್ಟೆಂಬರ್ 15. ನಿಮ್ಮ ಶೆಲ್ಟರಿಗಿಂತ ಬರೀ ಎರಡು ವಾರ ಮುಂಚೆ. ಅದೇ ಬರ್ಲಿನ್ ಬಿಕ್ಕಟ್ಟು, ಅದೇ ಚಾನೆಲ್.

ಹಳೇಟೀವಿ:

ಅದನ್ನು ಬರೆದದ್ದು ಸರ್ಲಿಂಗ್ ಅಲ್ಲ ಮೇಡಂ, ಮಾಂಟ್ಗೊಮರಿ ಪಿಟ್‌ಮನ್. ನಿರ್ದೇಶನವೂ ಅವರದ್ದೇ. ಮತ್ತೆ ಅಲ್ಲಿ ಊರಿಗೆ ಊರೇ ಖಾಲಿ. ಇಬ್ಬರಿಗೆ ಬೇಕಾದಷ್ಟು ಜಾಗ, ಗಾಳಿ, ಡಬ್ಬಿ ಊಟ. ಜಗಳ ಆಡಲು ಹಂಚಿಕೊಳ್ಳುವ ವಸ್ತುವೇ ಇಲ್ಲವಲ್ಲ?

ಕಿಟಕಿಸೀಟು:

ಕೋಳಿಯ ಡಬ್ಬಿಗೇ ಮೊದಲು ಹೊಡೆದಾಡುತ್ತಾರೆ, ಸರಿಯಾಗಿ ನೋಡಿ!

ಚುರುಮುರಿ:

ನಾನು ಇವತ್ತು ರಾತ್ರಿ ಥ್ರೆಡ್ಸ್ ಹಾಕುತ್ತೇನೆ. ಊಟಕ್ಕೆ ಮುಂಚೆಯೋ ಆಮೇಲೋ?

ಶೆಫೀಲ್ಡ್‌ಸೊಸೆ:

ಮುಂಚೆಯೂ ಬೇಡ, ಆಮೇಲೂ ಬೇಡ. ರಜೆ ದಿನ ಮಧ್ಯಾಹ್ನ ನೋಡು. ಒಬ್ಬನೇ ಕೂರಬೇಡ.